ಬೆಣ್ಣೆಹಣ್ಣು ಬೇಕೇ? ತೋಟಕ್ಕೇ ಹೇಳಿ ಕಳಿಸಿ!

ಮುಂಬಯಿಯಲ್ಲಿರುವ ನಮಗೆ ಊರಿನಿಂದ ಸಾಮಾನು ತರಿಸಿಕೊಳ್ಳುವುದನ್ನು ಯಾರೂ ಕಲಿಸಬೇಕಾಗಿಲ್ಲ. ಮಂಗಳೂರಿನಿಂದ ಹೊರಟ ರಾತ್ರಿ ಬಸ್ಸಿನಲ್ಲಿ ಕುಚ್ಚಲಕ್ಕಿ, ಹಲಸಿನ ಹಪ್ಪಳ, ಮಟ್ಟುಗುಳ್ಳ, ಹಬ್ಬದ ದಿನಗಳಲ್ಲಿ ಬಾಳೆಲೆಯಲ್ಲಿ ಸುತ್ತಿದ ಶಂಕರಪುರ ಮಲ್ಲಿಗೆ, ಇವೆಲ್ಲ ನಮ್ಮ ಜೊತೆಗೇ ಪ್ರಯಾಣ ಮಾಡುತ್ತ ಬಂದಿವೆ. ಏಪ್ರಿಲ್ ಬಂತೆಂದರೆ ದೇವಗಡದ ತೋಟದವರಿಗೇ ಫೋನು ಮಾಡಿ ಹಾಪೂಸಿನ ಪೇಟಿ ಇಳಿಸಿಕೊಳ್ಳುವವರೂ ನಮ್ಮಲ್ಲಿ ಕಡಿಮೆಯಿಲ್ಲ. ಈ ಪಟ್ಟಿಗೆ ಕೆಲವು ವರ್ಷಗಳಿಂದ ಇನ್ನೊಂದು ಹಣ್ಣು ಸೇರಿಕೊಂಡಿದೆ. ಅದೇ ಬೆಣ್ಣೆಹಣ್ಣು. ಮಕ್ಕಳ ಭಾಷೆಯಲ್ಲಿ ಅವಕಾಡೊ.

ಬೆಂಗಳೂರಿನ ಜ್ಯೂಸ್ ಅಂಗಡಿಗಳಲ್ಲಿ ‘ಬಟರ್ ಫ್ರೂಟ್’ ಎಂದು ಹಾಲು ಸಕ್ಕರೆ ಹಾಕಿ ಕೊಡುತ್ತಿದ್ದ ಆ ಹಸಿರು ಪಾನಕ ನಿಮಗೆ ನೆನಪಿರಬಹುದು. ಆಗ ಅದನ್ನು ಬಡವರ ಬೆಣ್ಣೆ ಎಂದು ನಗುತ್ತಿದ್ದೆವು. ಈಗ ಅದೇ ಹಣ್ಣು ಮಾಲ್‌ಗಳಲ್ಲಿ ಥರ್ಮೋಕೋಲಿನ ತೊಟ್ಟಿಲಲ್ಲಿ ಮಲಗಿ, ನ್ಯೂಜಿಲೆಂಡ್, ಕೀನ್ಯಾ, ತಾಂಜಾನಿಯಾ, ಪೆರು ಎಂಬ ಚೀಟಿ ಅಂಟಿಸಿಕೊಂಡು ಕುಳಿತಿದೆ. ಬೆಲೆ ನೋಡಿದರೆ ಕೈಗೆತ್ತಿಕೊಂಡವರು ಹಾಗೆಯೇ ಇಟ್ಟು ಬರಬೇಕು! ಆದರೆ ಇದೇ ಹಣ್ಣು ನಮ್ಮ ಕೊಡಗಿನಲ್ಲಿ, ಚಿಕ್ಕಮಗಳೂರಿನಲ್ಲಿ ಕಾಫಿ ಗಿಡಗಳ ನಡುವೆ ಬೆಳೆಯುತ್ತದೆ ಎಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ನನಗೆ ಗೊತ್ತಾದದ್ದು ಸಂಬಂಧದ ಬಲದಿಂದ. ನನ್ನ ನಾದಿನಿಯನ್ನು ಕೊಟ್ಟಿರುವುದು ಸುಂಟಿಕೊಪ್ಪದ ಕಡೆಯ ಒಂದು ಕಾಫಿ ತೋಟದ ಮನೆಗೆ. ಆ ಮನೆಯವರು ಈಗ ತಮ್ಮ ಬೆಣ್ಣೆಹಣ್ಣನ್ನು ವ್ಯಾಪಾರಿಗೆ ಕೊಡದೆ ನೇರವಾಗಿ ಗಿರಾಕಿಗಳ ಮನೆಗೇ ಕಳಿಸುತ್ತಾರೆ. ಅದರ ಒಳಹೊರಗನ್ನು ಹತ್ತಿರದಿಂದ ನೋಡಿದ್ದರಿಂದ ನಾಲ್ಕು ಮಾತು ನಿಮಗೆ ಹೇಳೋಣವೆನಿಸಿತು.

ಹಣ್ಣಿನ ಪೂರ್ವೋತ್ತರ

ಈ ಹಣ್ಣಿನ ತವರು ಮೆಕ್ಸಿಕೋ ಮತ್ತು ಮಧ್ಯ ಅಮೆರಿಕ. ಅಲ್ಲಿನ ನಹುವಾತ್ಲ್ ಭಾಷೆಯ ‘ಅಹುಆಕಾತ್ಲ್’ ಸ್ಪೇನಿನವರ ಬಾಯಲ್ಲಿ ‘ಅಗ್ವಕಾತೆ’ ಆಗಿ, ಇಂಗ್ಲಿಷರ ಬಾಯಲ್ಲಿ ‘ಅವಕಾಡೊ’ ಆಯಿತು. ಸಿಪ್ಪೆ ಮೊಸಳೆಯ ಚರ್ಮದ ಹಾಗಿದೆಯೆಂದು ಇದಕ್ಕೆ ‘ಅಲಿಗೇಟರ್ ಪೇರ್’ ಎಂದೂ ಹೆಸರಿತ್ತು. 1915ರಲ್ಲಿ ಕ್ಯಾಲಿಫೋರ್ನಿಯಾದ ಬೆಳೆಗಾರರು ಸಂಘ ಕಟ್ಟಿಕೊಂಡಾಗ, ಮೊಸಳೆಯ ಹೆಸರಿಟ್ಟರೆ ಹಣ್ಣು ಯಾರು ಕೊಂಡಾರು ಎಂದು ಆ ಹೆಸರನ್ನು ದೂರವಿಟ್ಟರು. ನಮ್ಮವರು ‘ಬೆಣ್ಣೆಹಣ್ಣು’ ಎಂದು ಕರೆದು ಆ ತಾಪತ್ರಯವೇ ಇಲ್ಲದಂತೆ ಮಾಡಿದರು. ದಕ್ಷಿಣ ಭಾರತಕ್ಕೆ ಇದು ಬಂದದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಶ್ರೀಲಂಕಾದ ಮೂಲಕ. ಕೊಡಗು, ವಯನಾಡು, ನೀಲಗಿರಿ, ಕೊಡೈಕನಾಲಿನ ಇಳಿಜಾರುಗಳಲ್ಲಿ ನೆಲೆಯೂರಿತು.

ಇದರ ಒಂದೆರಡು ಸ್ವಭಾವಗಳನ್ನು ತಿಳಿದರೆ ಮುಂದಿನ ವ್ಯಾಪಾರದ ಮಾತು ಸುಲಭವಾಗಿ ಅರ್ಥವಾಗುತ್ತದೆ. ಮೊದಲನೆಯದಾಗಿ, ಇದರ ಹೂವು ಎರಡು ಸಲ ಅರಳುತ್ತದೆ. ಮೊದಲು ಹೆಣ್ಣಾಗಿ, ಮುಚ್ಚಿಕೊಂಡು ಮತ್ತೆ ತೆರೆದಾಗ ಗಂಡಾಗಿ. ಕೆಲವು ಮರಗಳಲ್ಲಿ ಹೆಣ್ಣಿನ ಸರದಿ ಬೆಳಗ್ಗೆ, ಕೆಲವದರಲ್ಲಿ ಮಧ್ಯಾಹ್ನ. ಆದ್ದರಿಂದ ಎರಡೂ ಬಗೆಯ ಮರಗಳು ಅಕ್ಕಪಕ್ಕ ಇದ್ದರೆ ಫಸಲು ಚೆನ್ನ. ಹೀಗೆ ಪರಾಗ ಬೆರೆಯುವುದರಿಂದಲೇ ಬೀಜದಿಂದ ಹುಟ್ಟಿದ ಪ್ರತಿಯೊಂದು ಮರವೂ ಬೇರೆ. ಒಂದೇ ತಾಯಿಯ ಮಕ್ಕಳಂತೆ! ಎರಡನೆಯದಾಗಿ, ಈ ಹಣ್ಣು ಮರದಲ್ಲಿ ಮಾಗುವುದಿಲ್ಲ. ಮರದಲ್ಲಿರುವಷ್ಟು ದಿನವೂ ಕಲ್ಲಿನಂತೆ ಗಟ್ಟಿ. ಕೊಯ್ದ ಮೇಲೆ ಆರರಿಂದ ಹತ್ತು ದಿನಗಳಲ್ಲಿ ಮೆತ್ತಗಾಗುತ್ತದೆ. ಮೂರನೆಯದಾಗಿ, ಬುಡದಲ್ಲಿ ನೀರು ನಿಂತರೆ ಇದಕ್ಕೆ ಆಗದು. ಬೇರು ಕೊಳೆತು ಮರವೇ ಒಣಗಿಹೋಗುತ್ತದೆ. ಇಳಿಜಾರಿನ ಕಾಫಿ ತೋಟ ಇದಕ್ಕೆ ಒಗ್ಗಿರುವುದು ಇದರಿಂದಲೇ.

ಅಂಚೆಯವನ ಮರ

ತೋಟದ ಮನೆಯವರೇ ಹಣ್ಣು ಮಾರಿದ ಕಥೆಗಳಲ್ಲಿ ಪ್ರಪಂಚವೇ ತಿಳಿಯಬೇಕಾದ ಕಥೆಯೊಂದಿದೆ. ಕ್ಯಾಲಿಫೋರ್ನಿಯಾದಲ್ಲಿ ರುಡಾಲ್ಫ್ ಹಾಸ್ ಎಂಬ ಅಂಚೆಯವನಿದ್ದ. 1920ರ ದಶಕದಲ್ಲಿ ಲಾ ಹಾಬ್ರಾ ಹೈಟ್ಸ್ ಎಂಬಲ್ಲಿ ಒಂದೂವರೆ ಎಕರೆಯಷ್ಟು ಜಾಗ ಕೊಂಡು ಅವಕಾಡೊ ಬೀಜಗಳನ್ನು ಹಾಕಿದ. ಆ ಸಸಿಗಳಿಗೆ ಆಗ ಹೆಸರುವಾಸಿಯಾಗಿದ್ದ ‘ಫ್ಯುಯರ್ಟೆ’ ತಳಿಯ ಕಸಿ ಕಟ್ಟಿಸಿದ. ಒಂದು ಸಸಿ ಮಾತ್ರ ಎಷ್ಟು ಸಲ ಕಟ್ಟಿದರೂ ಕಸಿ ಹಿಡಿಯಲಿಲ್ಲ. ಕಿತ್ತುಹಾಕೋಣವೆಂದುಕೊಂಡಾಗ ಕಸಿ ಕಟ್ಟುವವನೇ, “ಗಿಡ ಗಟ್ಟಿಮುಟ್ಟಾಗಿದೆ, ಬೆಳೆಯಲಿ ಬಿಡಿ” ಎಂದನಂತೆ. ಮುಂದೆ ಅದು ಫಲ ಬಿಟ್ಟಾಗ ಮಾಗಿದರೆ ಕಪ್ಪಾಗುವ, ಉರುಟು ಸಿಪ್ಪೆಯ ಆ ಹಣ್ಣನ್ನು ಮೊದಲು ಮೆಚ್ಚಿದವರು ಮನೆಯ ಮಕ್ಕಳು. ಹಾಸ್ ಅದನ್ನು ಅಂಚೆ ಕಚೇರಿಯ ಜೊತೆಗಾರರಿಗೆ ಮಾರಿದ. ಪ್ಯಾಸಡೀನದ ಒಂದು ದಿನಸಿ ಅಂಗಡಿಗೂ ಕೊಟ್ಟ. ಅಲ್ಲಿ ಶ್ರೀಮಂತರ ಮನೆಯ ಅಡುಗೆಯವರು ಒಂದು ಹಣ್ಣಿಗೆ ಒಂದು ಡಾಲರ್ ಕೊಟ್ಟು ಒಯ್ದರು. ಆ ಕಾಲಕ್ಕೆ ಅದು ಸಣ್ಣ ಹಣವಲ್ಲ.

1935ರಲ್ಲಿ ಆ ಮರಕ್ಕೆ ಪೇಟೆಂಟ್ ದೊರೆಯಿತು. ಆದರೆ ಒಂದು ಸಸಿ ಕೊಂಡವರು ತಾವೇ ಕಸಿ ಕಟ್ಟಿ ಹತ್ತಾಗಿಸಿಕೊಂಡರು. ಹಾಸ್‌ಗೆ ಬಂದ ಆದಾಯ ಅಷ್ಟಕ್ಕಷ್ಟೆ. ಆತ ಅಂಚೆಯ ನೌಕರಿಯನ್ನು ಬಿಡುವಂತಾಗಲೇ ಇಲ್ಲ. 1952ರಲ್ಲಿ ತೀರಿಕೊಂಡ. ತಾಯಿಮರ ಬೇರುಕೊಳೆ ರೋಗಕ್ಕೆ ಸಿಕ್ಕಿ 2002ರಲ್ಲಿ ಸತ್ತಿತು. ಇಂದು ಪ್ರಪಂಚದ ಮಾರುಕಟ್ಟೆಯಲ್ಲಿ ಓಡಾಡುವ ಅವಕಾಡೊಗಳಲ್ಲಿ ಬಹುಪಾಲು ಆ ಒಂದೇ ಮರದ ಸಂತತಿ. ಕಿತ್ತೆಸೆಯಲು ಹೊರಟಿದ್ದ ಬೀಜದ ಗಿಡದ ಸಂತತಿ ಎಂಬುದನ್ನು ದಯವಿಟ್ಟು ನೆನಪಿನಲ್ಲಿಡಿ. ಈ ಮಾತಿಗೆ ಮತ್ತೆ ಬರುತ್ತೇನೆ.

ವ್ಯಾಪಾರಿಯ ಕೈಯಿಂದ ಗಿರಾಕಿಯ ಕೈಗೆ

ನಾದಿನಿಯ ಮಾವ ಹಿಂದೆಂದೋ ತಿಂದ ಹಣ್ಣುಗಳ ಬೀಜ ಹಾಕಿ ಬೆಳೆಸಿದ ಹದಿನಾಲ್ಕು ಮರಗಳು ಆ ತೋಟದಲ್ಲಿದ್ದವು. ಕಾಫಿಗೆ ನೆರಳಾಗಲಿ ಎಂದು ಬಿಟ್ಟ ಮರಗಳೇ ಹೊರತು ಬೆಳೆಯೆಂದು ಲೆಕ್ಕಕ್ಕಿಟ್ಟವಲ್ಲ. ವರ್ಷಕ್ಕೊಮ್ಮೆ ವ್ಯಾಪಾರಿ ಬಂದು ಮರ ನೋಡಿ, ಇಷ್ಟು ಎಂದು ಒಟ್ಟು ಮೊತ್ತ ಹೇಳಿ, ಒಂದೇ ದಿನ ಇಡೀ ಮರ ಕೊಯ್ದುಕೊಂಡು ಹೋಗುತ್ತಿದ್ದ. ಬಲಿತದ್ದು, ಬಲಿಯದ್ದು ಎಲ್ಲ ಒಂದೇ ಚೀಲಕ್ಕೆ. ಬಲಿಯದ ಕಾಯಿ ಮೆತ್ತಗಾಗುವ ಬದಲು ಸುಕ್ಕುಗಟ್ಟಿ ರಬ್ಬರಿನಂತಾಗುತ್ತದೆ. ಅದನ್ನು ಪೇಟೆಯಲ್ಲಿ ಕೊಂಡವರು ಊರಿನ ಹಣ್ಣೇ ಹೀಗೆ ಎಂದು ಮೂಗುಮುರಿಯುತ್ತಾರೆ. ತೋಟದವರಿಗೆ ಸಿಕ್ಕಿದ್ದಕ್ಕೂ ನಗರದ ಗಿರಾಕಿ ಕೊಟ್ಟದ್ದಕ್ಕೂ ಅಜಗಜಾಂತರ. ಇದು ಬೆಣ್ಣೆಹಣ್ಣಿನ ಕಥೆ ಮಾತ್ರವಲ್ಲ. ದ್ರಾಕ್ಷಿ ಬೆಳೆಗಾರರ ಇಂಥದೇ ಕಷ್ಟಕ್ಕೆ ಪರಿಹಾರವಾಗಿ ಡಾ. ಎಂ. ಎಚ್. ಮರಿಗೌಡರ ಕಾಲದಲ್ಲಿ, 1959ರಲ್ಲಿ, ಬೆಂಗಳೂರಿನಲ್ಲಿ ಹುಟ್ಟಿದ ಸಹಕಾರ ಸಂಘವೇ ನಾವು ನೀವು ಬಲ್ಲ ಹಾಪ್‌ಕಾಮ್ಸ್. 1999ರಲ್ಲಿ ಹೈದರಾಬಾದಿನ ಕಡೆ ರೈತು ಬಜಾರ್, ತಮಿಳುನಾಡಿನಲ್ಲಿ ಉಳವರ್ ಸಂದೈ ಆರಂಭವಾದದ್ದೂ ಇದೇ ಉದ್ದೇಶದಿಂದ.

2020ರಲ್ಲಿ ಲಾಕ್‌ಡೌನ್ ಬಂದು ವ್ಯಾಪಾರಿ ಬಾರದಿದ್ದಾಗ ನಾದಿನಿ ಮೈಸೂರು, ಬೆಂಗಳೂರಿನ ನೆಂಟರಿಷ್ಟರಿಗೆ ಫೋನಿನಲ್ಲಿ ಸುದ್ದಿ ಮುಟ್ಟಿಸಿದಳು. ವ್ಯಾಪಾರ ಶುರುವಾದದ್ದು ಹಾಗೆ. ನೆಂಟರ ನೆರೆಯವರು, ನೆರೆಯವರ ಆಫೀಸಿನವರು ಎಂದು ಬೆಳೆಯುತ್ತ ಹೋಯಿತು. ಈಗ ಅವಳದೊಂದು ಉದ್ದನೆಯ ನೋಟ್‌ಬುಕ್ಕಿದೆ. ಮೇ ತಿಂಗಳ ಕೊನೆಗೆ ಎಲ್ಲರಿಗೂ ವಾಟ್ಸಾಪಿನಲ್ಲಿ ಸಂದೇಶ ಹೋಗುತ್ತದೆ. ಜೂನಿನಿಂದ ಆಗಸ್ಟ್‌ವರೆಗೆ ವಾರಕ್ಕೆ ಎರಡು ದಿನ ಕೊಯ್ಲು. ಮೂರು ಕಿಲೋ, ಐದು ಕಿಲೋ ಎಂದು ಎರಡೇ ಅಳತೆಯ ಪೆಟ್ಟಿಗೆ.

ಕೊಯ್ಲಿನಲ್ಲೇ ಅರ್ಧ ವಿದ್ಯೆಯಿದೆ. ಹಸಿರು ಜಾತಿಯ ಕಾಯಿ ಬಲಿತಾಗ ತುಸು ಹಳದಿಗೆ ತಿರುಗುತ್ತದೆ. ನೇರಳೆ ಜಾತಿಯದು ಕಡುಗೆಂಪಿಗೆ ತಿರುಗುತ್ತದೆ. ಅನುಮಾನವಿದ್ದರೆ ಒಂದು ಕಾಯಿ ಕೊಯ್ದು ನೋಡಬೇಕು. ಬೀಜದ ಮೇಲಿನ ಪೊರೆ ಬಿಳಿಹಳದಿಯಿದ್ದರೆ ಇನ್ನೂ ಕಾಯಬೇಕು, ಗಾಢ ಕಂದು ಬಣ್ಣಕ್ಕೆ ತಿರುಗಿದ್ದರೆ ಸರಿ. ದೋಟಿಯ ತುದಿಗೆ ಬಲೆ ಕಟ್ಟಿ, ತೊಟ್ಟು ಉಳಿಯುವಂತೆ ಒಂದೊಂದಾಗಿ ಇಳಿಸಬೇಕು. ನೆಲಕ್ಕೆ ಬಿದ್ದ ಕಾಯಿ ಹೊರಗೆ ಚೆನ್ನಾಗಿ ಕಂಡರೂ ಒಳಗೆ ಕಪ್ಪಾಗಿರುತ್ತದೆ. ಅದನ್ನು ಅವಳು ಕಳಿಸುವುದಿಲ್ಲ. ಮಳೆಯಲ್ಲಿ ನೆಂದ ಕಾಯಿಗಳನ್ನು ಜಗಲಿಯಲ್ಲಿ ಹರಡಿ, ಒರೆಸಿ, ಆರಿಸಿ, ಹಳೆಯ ಪತ್ರಿಕೆಯಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬುತ್ತಾಳೆ. ಮೇಲೊಂದು ಚೀಟಿ: ಕೊಯ್ದ ದಿನ, ಮರದ ಹೆಸರು.

ಹೌದು, ಮರಗಳಿಗೆ ಹೆಸರಿದೆ! ಬಾವಿಕಟ್ಟೆಯ ಮರ, ಕಣದ ಮರ, ಗೇಟಿನ ಮರ. ಬಾವಿಕಟ್ಟೆಯದು ಉದ್ದ ಕುತ್ತಿಗೆಯ, ನಾರಿಲ್ಲದ ಹಣ್ಣು. ಚಪಾತಿಗೆ ಸವರಿಕೊಳ್ಳಲು ಅದೇ ಆಗಬೇಕು. ಕಣದ ಮರದ್ದು ದುಂಡಗೆ, ನೀರಿನಂಶ ಹೆಚ್ಚು. ಹಾಲಿಗೆ ಹಾಕಿ ಕುಡಿಯಲು ಚೆನ್ನ. ಗೇಟಿನ ಮರದ್ದು ಗಾತ್ರದಲ್ಲಿ ಸಣ್ಣದು, ನೋಟಕ್ಕೆ ಸಾಧಾರಣ. ಒಳಗೆ ಮಾತ್ರ ಅಪ್ಪಟ ಬೆಣ್ಣೆ. ವ್ಯಾಪಾರಿಗೆ ಇವೆಲ್ಲ ಬೇಡ. ಅವನು ಕೇಳುವುದು ಗಾತ್ರ ಒಂದೇ. ಗೇಟಿನ ಮರದ್ದನ್ನು ಅವನು ಕಾಲು ಬೆಲೆಗೂ ಮುಟ್ಟುತ್ತಿರಲಿಲ್ಲ. ಈಗ ಅದಕ್ಕೇ ಮೊದಲು ಬೇಡಿಕೆ. “ಗೇಟಿನ ಮರದ್ದು ಬಂದಾಗ ನನಗೆ ಮರೆಯಬೇಡಿ ಅಕ್ಕಾ” ಎಂದು ಗಿರಾಕಿಗಳು ಬರೆಯುತ್ತಾರೆ.

ಲೆಕ್ಕಕ್ಕೆ ಬಾರದ ಕೂಲಿ

ಹಾಗಾದರೆ ಎಲ್ಲವೂ ಸುಸೂತ್ರವೇ? ಇಲ್ಲ. ಮಧ್ಯವರ್ತಿ ಹೋದರೆ ಅವನ ಲಾಭವೆಲ್ಲ ನಮ್ಮ ಜೇಬಿಗೆ ಎಂದು ತಿಳಿಯುವುದು ಸುಲಭ. ಆದರೆ ಅವನು ಮಾಡುತ್ತಿದ್ದ ಕೆಲಸವೂ, ಹೊರುತ್ತಿದ್ದ ನಷ್ಟವೂ ತೋಟದ ಮನೆಗೇ ಬರುತ್ತವೆ. ಕೊಡಗಿನಲ್ಲಿ ಈ ಹಣ್ಣಿನ ಕಾಲವೆಂದರೆ ಮಳೆಗಾಲವೇ. ಒಂದು ವಾರ ಬಿಡದೆ ಸುರಿದರೆ ಕೊಯ್ಲಿಲ್ಲ. ತಡವಾದರೆ ಕಾಯಿ ತಾನೇ ಉದುರುತ್ತದೆ. ನಮ್ಮ ಮುಂಬಯಿಯ ಪೆಟ್ಟಿಗೆಗಳು ಸಂಪಾಜೆ ಘಾಟಿ ಇಳಿದು, ಮಂಗಳೂರು ಮುಟ್ಟಿ, ಅಲ್ಲಿಂದ ಬಸ್ಸು ಹತ್ತಬೇಕು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದು ಆ ರಸ್ತೆ ಮುಚ್ಚಿಹೋದದ್ದನ್ನು ನೀವೂ ಟಿ.ವಿ.ಯಲ್ಲಿ ನೋಡಿದ್ದೀರಿ. ಅಂಥದು ಮತ್ತೊಮ್ಮೆ ಆದರೆ ಪೆಟ್ಟಿಗೆ ಕಟ್ಟಿಟ್ಟ ಹಣ್ಣು ಜಗಲಿಯಲ್ಲೇ ಕೊಳೆಯಬೇಕು. ಒಮ್ಮೆ ಪಾರ್ಸೆಲಿನವರು ಹನ್ನೊಂದು ಪೆಟ್ಟಿಗೆಗಳನ್ನು ದಾರಿಯಲ್ಲೆಲ್ಲೋ ನಾಲ್ಕು ದಿನ ಬಿಟ್ಟುಬಿಟ್ಟರು. ತಲುಪಿದಾಗ ತೆರೆಯುವಂತಿರಲಿಲ್ಲ. ನಾದಿನಿ ಹನ್ನೊಂದು ಮನೆಗಳಿಗೂ ಹೊಸ ಪೆಟ್ಟಿಗೆ ಕಳಿಸಿದಳು. ಪಾರ್ಸೆಲಿನವರಿಂದ ಬಿಡಿಕಾಸೂ ಬರಲಿಲ್ಲ.

ಇನ್ನು ಗಿರಾಕಿಗಳಲ್ಲಿಯೂ ನಾನಾ ಬಗೆ. ಪೆಟ್ಟಿಗೆ ಬಿಚ್ಚಿದ ದಿನವೇ “ಎಲ್ಲಾ ಕಲ್ಲು ಕಳಿಸಿದ್ದೀರಿ” ಎಂದು ಜಗಳ ತೆಗೆಯುವವರು. ಹಣ್ಣು ತಿಂದು, ಹಣ ಕೇಳಿದರೆ ಫೋನು ಎತ್ತದವರು. ಹತ್ತು ಪೆಟ್ಟಿಗೆ ಹೇಳಿ ಕೊಯ್ದ ಮೇಲೆ ಬೇಡವೆನ್ನುವವರು. “ನೇರವಾಗಿ ಕೊಳ್ಳುತ್ತಿದ್ದೇವಲ್ಲ, ಇನ್ನೂ ಕಡಿಮೆ ಮಾಡಿ” ಎಂದು ಚೌಕಾಸಿಗೆ ಇಳಿಯುವವರಂತೂ ಬಹಳ. ಮಾಲಿನಲ್ಲಿ ಚೀಟಿ ನೋಡಿ ತುಟಿಪಿಟಕ್ಕೆನ್ನದೆ ಹಣ ಕೊಡುವ ನಾವು, ತೋಟದವರ ಮುಂದೆ ಮಾತ್ರ ಇಷ್ಟು ಚುರುಕಾಗುವುದೇಕೋ!

ಕಳೆದ ವರ್ಷ ಅವಳ ಲೆಕ್ಕದ ಪುಸ್ತಕವನ್ನು ತಿರುವಿ ನೋಡುತ್ತಿದ್ದೆ. ಕೊಯ್ಯುವವನ ಕೂಲಿ, ಪೆಟ್ಟಿಗೆ, ಟೇಪು, ಬಸ್ಸಿನ ಬಾಡಿಗೆ, ಹಾಳಾದುದಕ್ಕೆ ಬದಲಿ, ಎಲ್ಲ ಅಚ್ಚುಕಟ್ಟಾಗಿ ಬರೆದಿತ್ತು. “ನಿನ್ನ ಕೂಲಿ ಎಲ್ಲಿ?” ಎಂದೆ. ಬೆಳಗ್ಗೆ ಐದಕ್ಕೆದ್ದು ಕಾಯಿ ಒರೆಸುವುದು, ರಾತ್ರಿ ಹತ್ತರವರೆಗೆ ಸಂದೇಶಗಳಿಗೆ ಉತ್ತರ ಕೊಡುವುದು, ಅವಳೂ ಅವಳ ಸೊಸೆಯೂ ಸೇರಿ ನೂರಾರು ಪೆಟ್ಟಿಗೆ ಕಟ್ಟುವುದು, ಇವು ಯಾವುದೂ ಅದರಲ್ಲಿರಲಿಲ್ಲ. “ಅತ್ತಿಗೆ, ಅದನ್ನೂ ಬರೆದರೆ ಲಾಭದ ಕಡೆ ಏನೂ ಉಳಿಯುವುದಿಲ್ಲ” ಎಂದು ನಕ್ಕಳು. ಗೃಹಿಣಿಯರಾದ ನಮಗೆ ಈ ಲೆಕ್ಕ ಚೆನ್ನಾಗಿ ಪರಿಚಯವಿದೆ. ಮನೆಯವರು ಮಾಡುವ ಕೆಲಸಕ್ಕೆ ಬೆಲೆ ಕಟ್ಟದಿರುವವರೆಗೆ ಮಾತ್ರ ‘ಅಗ್ಗ’ ಎಂಬುದು ಅಗ್ಗವಾಗಿ ಕಾಣುತ್ತದೆ. ನೇರ ಮಾರಾಟವೆಂದರೆ ಕಡಿಮೆ ಬೆಲೆಯ ಮಾರಾಟವಲ್ಲ. ಕೊಟ್ಟ ಹಣ ಬೆಳೆದವರ ಕೈಗೆ ಮುಟ್ಟುವ ಮಾರಾಟ. ಈ ಎರಡನ್ನೂ ನಾವು ಬೇರೆಯಾಗಿ ತಿಳಿಯಬೇಕು.

ಉಳಿದದ್ದು ಎಂಟು

ಈಗ ಹಾಸ್‌ನ ಮಾತಿಗೆ ಬರೋಣ. ಅವಕಾಡೊಗೆ ಬೆಲೆ ಬಂದಂತೆ ಕಾಫಿ ನಾಡಿನಲ್ಲಿ ಹಾಸ್ ಮತ್ತಿತರ ಕಸಿ ಗಿಡಗಳನ್ನು ನೆಡುವವರು ಹೆಚ್ಚಿದ್ದಾರೆ. ಇದು ತಪ್ಪೆಂದು ನಾನು ಹೇಳಲಾರೆ. ಕಸಿ ಗಿಡ ಮೂರು ನಾಲ್ಕು ವರ್ಷಕ್ಕೇ ಫಲ ಕೊಡುತ್ತದೆ, ಹಣ್ಣುಗಳೆಲ್ಲ ಒಂದೇ ತರಹ ಇರುತ್ತವೆ, ಹಾಸ್‌ನ ದಪ್ಪ ಸಿಪ್ಪೆ ದೂರದ ಪ್ರಯಾಣವನ್ನು ತಡೆದುಕೊಳ್ಳುತ್ತದೆ. ಕೊಡಗಿನ ಚೆಟ್ಟಳ್ಳಿಯಲ್ಲಿರುವ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರವೂ ಅರ್ಕಾ ಸುಪ್ರೀಮ್, ಅರ್ಕಾ ಕೂರ್ಗ್ ರವಿ ಎಂಬ ತಳಿಗಳನ್ನು ಹೊರತಂದಿದೆ. ನಾದಿನಿಯ ಮಗನಿಗೂ ಹಳೆಯ ಮರಗಳನ್ನು ತೆಗೆಸಿ ಹಾಸ್ ಹಾಕಬೇಕೆಂದು ಆಸೆ. ಊರಲ್ಲೇ ಉಳಿದು ತೋಟ ನೋಡಿಕೊಳ್ಳುತ್ತೇನೆ ಎನ್ನುವ ಮಗ ಅವನು. ಬೆಂಗಳೂರಿಗೆ ಹೋಗುತ್ತೇನೆ ಎನ್ನದ ಮಗನ ಮಾತನ್ನು ಯಾವ ತಾಯಿ ತೆಗೆದುಹಾಕಿಯಾಳು? ಹದಿನಾಲ್ಕರಲ್ಲಿ ಆರು ಮರಗಳನ್ನು ಎರಡು ವರ್ಷದ ಹಿಂದೆ ಕಡಿಸಿಯಾಯಿತು.

ಉಳಿದದ್ದು ಎಂಟು. ಬಾವಿಕಟ್ಟೆಯದು, ಕಣದ್ದು, ಗೇಟಿನದು ಅದರಲ್ಲಿವೆ. ಅವನ್ನು ಉಳಿಸಿದ್ದು ಭಾವನೆಯೊಂದೇ ಅಲ್ಲ, ಗಿರಾಕಿಗಳ ನೋಟ್‌ಬುಕ್ಕು. “ಇವುಗಳಿಗೆ ಹೆಸರು ಹಿಡಿದು ಕೇಳುವವರಿದ್ದಾರೆ ನೋಡು” ಎಂದು ಅವಳು ಮಗನಿಗೆ ಪುಸ್ತಕ ತೋರಿಸಿದಳು. ಅವನು ಒಪ್ಪಿದ. ಅಷ್ಟೇ ಅಲ್ಲ, ಗೇಟಿನ ಮರದ ಕಡ್ಡಿ ತೆಗೆದು ಬೀಜದ ಸಸಿಗಳಿಗೆ ಕಸಿ ಕಟ್ಟಿದ್ದಾನೆ. ಹನ್ನೆರಡರಲ್ಲಿ ಏಳು ಹಿಡಿದಿವೆಯಂತೆ. ಒಮ್ಮೆ ಯೋಚಿಸಿ. ಬೀಜದ ಮರ ಸತ್ತರೆ ಆ ರುಚಿಯೂ ಸತ್ತಂತೆ. ಅಂಥದೇ ಇನ್ನೊಂದು ಮರ ಪ್ರಪಂಚದಲ್ಲಿ ಎಲ್ಲಿಯೂ ಇಲ್ಲ. ಅಂದು ಆ ಅಂಚೆಯವನ ಮಕ್ಕಳು ತಿಂದು ಚೆನ್ನಾಗಿದೆ ಎನ್ನದಿದ್ದರೆ, ನಾಲ್ಕು ಜನ ಕೊಳ್ಳದಿದ್ದರೆ ಹಾಸ್ ಎಂಬ ತಳಿಯೂ ಇರುತ್ತಿರಲಿಲ್ಲ. ದೊಡ್ಡ ಮಾರುಕಟ್ಟೆಗೆ ಒಂದೇ ತರಹದ ಲಕ್ಷ ಹಣ್ಣು ಬೇಕು. ಒಂದು ಮರದ ಇನ್ನೂರು ಹಣ್ಣಿಗೆ ಅಲ್ಲಿ ಜಾಗವಿಲ್ಲ. ಇನ್ನೂರು ಹಣ್ಣಿಗೆ ಜಾಗವಿರುವುದು ನಿಮ್ಮ ನಮ್ಮಂಥ ನಲವತ್ತು ಮನೆಗಳಲ್ಲಿ ಮಾತ್ರ.

ತರಿಸಿಕೊಂಡವರು ಮಾಡಬೇಕಾದ್ದು

ಪೆಟ್ಟಿಗೆ ಬಂದ ಕೂಡಲೇ ಬಿಚ್ಚಿ, ಹಣ್ಣುಗಳನ್ನು ಗಾಳಿಯಾಡುವಲ್ಲಿ ಹರಡಿ. ಗಟ್ಟಿಯಿರುವುದನ್ನು ಫ್ರಿಜ್ಜಿನಲ್ಲಿಡಬೇಡಿ, ತಣ್ಣಗಿನ ಏಟು ಬಿದ್ದರೆ ಒಳಗೆ ಕಪ್ಪಾಗುತ್ತದೆ, ಸರಿಯಾಗಿ ಮಾಗುವುದಿಲ್ಲ. ಬೇಗ ಬೇಕಿದ್ದರೆ ಎರಡು ಹಣ್ಣನ್ನು ಒಂದು ಬಾಳೆಹಣ್ಣಿನ ಜೊತೆ ಕಾಗದದ ಚೀಲದಲ್ಲಿಡಿ ಅಥವಾ ಅಕ್ಕಿಡಬ್ಬಿಯಲ್ಲಿ ಹುಗಿದಿಡಿ. ತೊಟ್ಟಿನ ಹತ್ತಿರ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದಾಗ ತಗ್ಗಿದರೆ ತಿನ್ನಲು ಸಿದ್ಧ. ಆಗ ಫ್ರಿಜ್ಜಿನಲ್ಲಿಟ್ಟರೆ ಎರಡು ಮೂರು ದಿನ ತಡೆಯುತ್ತದೆ. ಕತ್ತರಿಸಿ ಉಳಿದದ್ದಕ್ಕೆ ನಿಂಬೆರಸ ಸವರಿ ಮುಚ್ಚಿಡಿ, ಬೇಗ ಕಪ್ಪಾಗುವುದಿಲ್ಲ.

ಅಡುಗೆಗೆ ಒಂದು ಎಚ್ಚರಿಕೆ: ಇದನ್ನು ಕುದಿಸಬೇಡಿ, ಕಹಿಯಾಗುತ್ತದೆ. ತಿರುಳನ್ನು ಹಾಲು, ಬೆಲ್ಲದ ಪುಡಿ, ಏಲಕ್ಕಿಯ ಜೊತೆ ಕಡೆದರೆ ಮಕ್ಕಳಿಗೆ ಇಷ್ಟ. ಹಸಿಮೆಣಸು, ಉಪ್ಪು, ನಿಂಬೆರಸ, ಈರುಳ್ಳಿ, ಕೊತ್ತಂಬರಿ ಸೇರಿಸಿ ಮೇಲೆ ಸಾಸಿವೆ ಒಗ್ಗರಣೆ ಕೊಟ್ಟರೆ ದೋಸೆಗೆ ಒಳ್ಳೆಯ ಗೊಜ್ಜು. ಚಪಾತಿ ಹಿಟ್ಟಿಗೆ ಒಂದು ಹಣ್ಣು ಸೇರಿಸಿ ಕಲಸಿದರೆ ಎಣ್ಣೆಯಿಲ್ಲದೆ ಮೆತ್ತಗಿನ ಚಪಾತಿ. ಇದರ ಕೊಬ್ಬು ಹೆಚ್ಚಾಗಿ ಆಲಿವ್ ಎಣ್ಣೆಯಲ್ಲಿರುವಂಥ ಒಳ್ಳೆಯ ಜಾತಿಯದೇ. ಆದರೂ ಕೊಬ್ಬು ಕೊಬ್ಬೇ, ತೂಕದ ಚಿಂತೆಯಿರುವವರು ಅರ್ಧ ಹಣ್ಣಿಗೆ ನಿಲ್ಲಿಸಿ. ಪೊಟ್ಯಾಸಿಯಂ ಜಾಸ್ತಿಯಿರುವುದರಿಂದ ಮೂತ್ರಪಿಂಡದ ತೊಂದರೆಯಿರುವವರು ವೈದ್ಯರನ್ನು ಕೇಳಿಯೇ ತಿನ್ನಬೇಕು.

ಕೊನೆಯದಾಗಿ ನಮ್ಮ ಸಂಘದ ಮಹಿಳಾ ವಿಭಾಗದ ಸೋದರಿಯರಿಗೆ ಒಂದು ಸಲಹೆ. ಕೊಡಗಿನಲ್ಲಿ, ಚಿಕ್ಕಮಗಳೂರಿನಲ್ಲಿ ನಿಮಗೆ ಗೊತ್ತಿರುವ ತೋಟದ ಮನೆ ಯಾವುದಾದರೂ ಇದ್ದೇ ಇರುತ್ತದೆ. ಒಬ್ಬೊಬ್ಬರೇ ಒಂದು ಪೆಟ್ಟಿಗೆ ತರಿಸಿದರೆ ಬಾಡಿಗೆಯೇ ದುಬಾರಿ. ಒಂದೊಂದು ಬಡಾವಣೆಯವರು ಹತ್ತು ಮನೆ ಸೇರಿ, ಮೇ ತಿಂಗಳಲ್ಲೇ ಹೇಳಿಟ್ಟು, ಅರ್ಧ ಹಣ ಮುಂಗಡ ಕೊಟ್ಟು ಒಟ್ಟಿಗೆ ತರಿಸಿ. ಒಬ್ಬರು ಇಳಿಸಿಕೊಂಡು ಹಂಚಿದರೆ ಸಾಕು. ಒಂದೆರಡು ಹಣ್ಣು ಕೆಟ್ಟಿದ್ದರೆ ಜಗಳಕ್ಕೆ ಮೊದಲು ಒಂದು ಫೋಟೋ ಕಳಿಸಿ. ಚೆನ್ನಾಗಿದ್ದರೆ, ಯಾವ ಮರದ್ದು ಎಂದು ಚೀಟಿ ನೋಡಿ, “ಇದೇ ಮರದ್ದು ಮುಂದಿನ ವರ್ಷವೂ ಬೇಕು” ಎಂದು ಎರಡು ಸಾಲು ಬರೆದು ಹಾಕಿ. ಅದಕ್ಕೆ ಖರ್ಚೇನೂ ಇಲ್ಲ. ತೋಟದ ಮನೆಯಲ್ಲಿ ಆ ಎರಡು ಸಾಲನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುತ್ತಾರೆ.